ಗ್ರಾಮರಸ್ತೆಗಳ ಸಹಾಯಧನವೂ ಆರನೆಯ ವರ್ಷದ ದುರಸ್ತೂ

ಗ್ರಾಮವೊಂದಕ್ಕೆ ಹೊಸ ರಸ್ತೆ ಮಂಜೂರಾಯಿತೆಂಬ ವರ್ತಮಾನವು ಬಂದ ಕೂಡಲೆ ಅಲ್ಲಿಯ ಮುಖಂಡರು ವಿಚಾರಿಸುವ ಸಂಗತಿಗಳು ಸಾಮಾನ್ಯವಾಗಿ ಮೂರು: ಮೊಬಲಗು ಎಷ್ಟು, ಕೆಲಸವು ಯಾವಾಗ ಪ್ರಾರಂಭವಾಗುವುದು, ರಸ್ತೆಯು ಯಾರ ಯಾರ ಜಮೀನಿನ ಮೇಲೆ ಹಾದುಹೋಗುವುದು. ಈ ಮೂರೂ ವಿಚಾರಿಸತಕ್ಕವುಗಳೇ ಸರಿ. ಆದರೆ ಇವುಗಳಿಗಿಂತ ಮುಖ್ಯವಾದ ನಾಲ್ಕನೆಯದೊಂದು ಉಂಟು. ಅದನ್ನು ಕೇಳುವವರು ವಿರಳ. ಕಂಟ್ರಾಕ್ಟುದಾರನು ತನ್ನ ಕರಾರನ್ನು ಮುಗಿಸಿ ಹೊರಟುಹೋದ ಮೇಲೆ, ಐದು ಮಳೆಗಾಲಗಳನ್ನು ಕಂಡ ಆ ರಸ್ತೆಯ ಗುಂಡಿಗಳನ್ನು ಯಾರು, ಯಾವ ಹಣದಿಂದ, ಯಾವ ಕಾನೂನಿನ ಬಲದಿಂದ ಮುಚ್ಚತಕ್ಕದ್ದು ಎಂಬುದೇ ಆ ಪ್ರಶ್ನೆ. ರಸ್ತೆಗಳಿಗೆ ಸಹಾಯಧನ ಕೊಡುವ ಶಾಸನವನ್ನು ಅದು ಕೊಡುವ ಮೊಬಲಗಿನಿಂದ ಅಳೆಯುವುದು ವಾಡಿಕೆಯಾಗಿದೆ. ಈ ನಾಲ್ಕನೆಯ ಪ್ರಶ್ನೆಗೆ ಅದು ಕೊಡುವ ಉತ್ತರದಿಂದ ಅಳೆಯುವುದೇ ಯುಕ್ತವು.

ಮೊದಲು ಹಣದ ಮೂಲವನ್ನು ನೋಡಬೇಕು. ಸಹಾಯಧನವೆಂದರೆ ಸರ್ಕಾರದವರು ಮಾಡುವ ದಾನವೆಂಬ ಭಾವನೆಯು ಹಳ್ಳಿಗಳಲ್ಲಿ ಬೇರೂರಿದೆ. ದಾನವಾಗಿ ಬಂದದ್ದರ ಕೊರತೆಯನ್ನು ಎತ್ತಿ ಆಡಬಾರದೆಂಬ ಸಂಕೋಚವೂ ಅದರೊಡನೆಯೇ ಬೆಳೆದಿದೆ. ಇದು ಸರಿಯಲ್ಲ. ಧಾರವಾಡ, ಬೆಳಗಾವಿ, ವಿಜಾಪುರದ ಸೀಮೆಗಳು ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಕಾಲದಲ್ಲಿ, 1869ರ ಲೋಕಲ್ ಫಂಡ್ ಕಾನೂನಿನ ಮೇರೆಗೆ, ಅಲ್ಲಿಯ ರಯತನು ಭೂಕಂದಾಯದ ಪ್ರತಿ ರೂಪಾಯಿಗೆ 1 ಆಣೆಯಂತೆ ಹೆಚ್ಚಿನ ಪಟ್ಟಿಯನ್ನು ತೆರುತ್ತಿದ್ದನು. ಅದರಲ್ಲಿ ದೊಡ್ಡ ಪಾಲು ರಸ್ತೆ ಮೊದಲಾದ ಕೆಲಸಗಳಿಗೂ ಉಳಿದದ್ದು ಶಾಲೆಗಳಿಗೂ ಸಲ್ಲುತ್ತಿದ್ದಿತು. ಮೋಟಾರು ಗಾಡಿಗಳು ಬಂದ ಮೇಲೆ ಪಟ್ಟಿಯ ರೂಪವು ಬದಲಾಯಿತೇ ಹೊರತು ತೆರುವವನು ಬದಲಾಗಲಿಲ್ಲ. 1927ರಲ್ಲಿ ಎಂ. ಆರ್. ಜಯಕರ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ರಸ್ತೆ ಅಭಿವೃದ್ಧಿ ಸಮಿತಿಯು, ರಸ್ತೆಗಳನ್ನು ಮಾಡುವ ಕಾರ್ಯವು ಪ್ರಾಂತಗಳ ಮತ್ತು ಸ್ಥಳೀಯ ಸಂಸ್ಥೆಗಳ ಶಕ್ತಿಯನ್ನು ಮೀರುತ್ತಿದೆಯೆಂದು 1928ರಲ್ಲಿ ವರದಿಮಾಡಿತು. ಅದರ ಫಲವಾಗಿ 1929ರಲ್ಲಿ ಪೆಟ್ರೋಲಿನ ಮೇಲೆ ಗ್ಯಾಲನ್ನಿಗೆ 2 ಆಣೆಯಂತೆ ಅಧಿಕ ಸುಂಕವನ್ನು ಹಾಕಿ ಕೇಂದ್ರ ರಸ್ತೆ ನಿಧಿಯನ್ನು ಸ್ಥಾಪಿಸಿದರು. ನಿಧಿಯ ಬಹುಭಾಗವನ್ನು ಹಂಚಿದ್ದು ಆಯಾ ಪ್ರಾಂತದಲ್ಲಿ ಖರ್ಚಾದ ಪೆಟ್ರೋಲಿನ ಪ್ರಮಾಣಕ್ಕೆ ಅನುಗುಣವಾಗಿ. ಬಂಡಿಯ ಎತ್ತು ಪೆಟ್ರೋಲು ಕುಡಿಯುವ ಪ್ರಾಣಿಯಲ್ಲವಾದ್ದರಿಂದ, ಮೋಟಾರುಗಳು ಹೆಚ್ಚಾಗಿದ್ದ ಕಡೆಗೆ ಹಣವು ಹರಿಯುವುದು ಸಹಜವಾಗಿದ್ದಿತು. ಹಂಚುವ ಸೂತ್ರದಲ್ಲಿ ಬರೆದಿರುವ ಒಂದೇ ಒಂದು ಪಂಕ್ತಿಯು ಎಷ್ಟು ಹಳ್ಳಿಗಳ ಅದೃಷ್ಟವನ್ನು ನಿರ್ಣಯಿಸಬಲ್ಲುದೆಂಬುದಕ್ಕೆ ಇದು ಹಳೆಯ ನಿದರ್ಶನ.

2000ನೆಯ ಇಸವಿಯ ಕೇಂದ್ರ ರಸ್ತೆ ನಿಧಿ ಶಾಸನವು ಈ ದೋಷವನ್ನು ಬಹುಮಟ್ಟಿಗೆ ಸರಿಪಡಿಸಿತು. ಡೀಸೆಲ್ ಎಣ್ಣೆಯ ಮೇಲಿನ ಸೆಸ್ಸಿನಲ್ಲಿ ಸರಿಯಾಗಿ ಅರ್ಧಪಾಲು ಗ್ರಾಮರಸ್ತೆಗಳಿಗೇ ಸಲ್ಲತಕ್ಕದ್ದೆಂದು ಆ ಶಾಸನದಲ್ಲಿಯೇ ವಿಧಿಸಲಾಯಿತು. ಉಳಿದರ್ಧ ಮತ್ತು ಪೆಟ್ರೋಲಿನ ಪೂರ್ತಿ ಸೆಸ್ಸು, ಇವುಗಳಲ್ಲಿ ಶೇಕಡ 57.5 ರಾಷ್ಟ್ರೀಯ ಹೆದ್ದಾರಿಗಳಿಗೂ, 30 ರಾಜ್ಯಗಳ ರಸ್ತೆಗಳಿಗೂ, 12.5 ರೈಲ್ವೆ ಹಾದಿಯನ್ನು ದಾಟುವ ಸೇತುವೆ ಮುಂತಾದವುಗಳಿಗೂ ಗೊತ್ತಾದುವು. ಗದ್ದೆಯನ್ನು ಉಳುವ ಟ್ರಾಕ್ಟರು, ತೋಟಕ್ಕೆ ನೀರೆತ್ತುವ ಡೀಸೆಲ್ ಯಂತ್ರ, ರಾಗಿಯನ್ನೂ ಮೆಣಸಿನಕಾಯಿಯನ್ನೂ ಪೇಟೆಗೆ ಹೊರುವ ಲಾರಿ ಇವೆಲ್ಲ ಕುಡಿಯುವುದು ಈ ಎಣ್ಣೆಯನ್ನೇ. ಬಂಕಿನಲ್ಲಿ ಹಣ ಎಣಿಸಿಕೊಟ್ಟ ಪ್ರತಿಯೊಬ್ಬ ಜಮೀನುದಾರನೂ ತನ್ನ ಊರಿನ ರಸ್ತೆಗೆ ಮುಂಗಡವಾಗಿಯೇ ಕೊಟ್ಟಿರುತ್ತಾನೆ. ಹೀಗಿರುವಲ್ಲಿ ಮಂಜೂರಾತಿಯ ಹುಕುಮನ್ನು ಕಣ್ಣಿಗೊತ್ತಿಕೊಳ್ಳುವುದಕ್ಕೆ ಮುಂಚೆ ಅದರ ಷರತ್ತುಗಳನ್ನು ಓದಿನೋಡುವ ಹಕ್ಕು ಅವನಿಗೆ ಇದ್ದೇ ಇದೆ.

ಆದರೆ ಶಾಸನದಲ್ಲಿ ಅಚ್ಚಾದ ಪಾಲುಗಳೂ ಶಾಶ್ವತವಲ್ಲ. 2018ರಲ್ಲಿ ಆ ಶಾಸನವನ್ನು ತಿದ್ದಿ, ನಿಧಿಯ ಹೆಸರನ್ನು ಕೇಂದ್ರ ರಸ್ತೆ ಮತ್ತು ಮೂಲಸೌಕರ್ಯ ನಿಧಿ ಎಂದು ಬದಲಾಯಿಸಿದರು. ರಸ್ತೆಯಲ್ಲದ ಇತರ ಮೂಲಸೌಕರ್ಯಗಳಿಗೂ ಅದರಿಂದ ಕೊಡಬಹುದೆಂದಾಯಿತು; ಯಾವುದಕ್ಕೆ ಎಷ್ಟೆಂಬುದನ್ನು ಅರ್ಥಮಂತ್ರಿಗಳ ನೇತೃತ್ವದ ಸಮಿತಿಯೊಂದು ನಿಶ್ಚಯಿಸತಕ್ಕದ್ದೆಂದಾಯಿತು. ಆಸ್ಪತ್ರೆಯೂ ಶಾಲೆಯೂ ಬೇಡವೆನ್ನುವವರು ಯಾರೂ ಇಲ್ಲ. ಆದರೆ ಅರ್ಧಪಾಲೆಂದು ಕಾನೂನಿನಲ್ಲಿಯೇ ಬರೆದಿದ್ದಾಗ ಅದನ್ನು ಮಾರ್ಪಡಿಸಬೇಕಾದರೆ ಪಾರ್ಲಿಮೆಂಟಿನ ಮುಂದೆ ಹೋಗಬೇಕಾಗಿದ್ದಿತು. ಈಗ ಸಮಿತಿಯ ಒಂದು ತೀರ್ಮಾನ ಸಾಕು. ಇದಲ್ಲದೆ, ಸೆಸ್ಸುಗಳ ಉತ್ಪತ್ತಿಯು ಕೇಂದ್ರವು ರಾಜ್ಯಗಳೊಡನೆ ಹಂಚಿಕೊಳ್ಳತಕ್ಕ ತೆರಿಗೆಗಳ ಮೊತ್ತಕ್ಕೆ ಸೇರುವುದಿಲ್ಲ. ಆದಕಾರಣ ಹಳ್ಳಿಯಿಂದ ಮೇಲಕ್ಕೆ ಹೋದ ಈ ಹಣವು ಹಳ್ಳಿಗೆ ಮರಳಿ ಬರತಕ್ಕದ್ದು ಸಹಾಯಧನವೆಂಬ ಬಾಗಿಲಿನಿಂದ ಮಾತ್ರ.

ರಾಜ್ಯದ ಶಾಸನಗಳಿಗೂ ಇದೇ ಅಪಾಯವುಂಟು. ಪಂಜಾಬಿನವರು 1987ರಲ್ಲಿ ಗ್ರಾಮಾಭಿವೃದ್ಧಿ ಶಾಸನವೊಂದನ್ನು ಮಾಡಿ, ಮಂಡಿಗಳಲ್ಲಿ ಮಾರಾಟವಾಗುವ ಧಾನ್ಯದ ಮೇಲೆ ಶುಲ್ಕವನ್ನು ಹಾಕಿ ಪ್ರತ್ಯೇಕ ನಿಧಿಯನ್ನು ಕೂಡಿಸಿದರು. ಮಂಡಿಗಳಿಗೆ ಹೋಗುವ ಕೂಡುರಸ್ತೆಗಳಿಗೆ ಈ ನಿಧಿಯು ದೊಡ್ಡ ಆಧಾರವಾಯಿತು. ಮುಂದೆ ಅದರ ಹಣವು ರೈತರ ಸಾಲಮನ್ನಾ ಮುಂತಾದವುಗಳಿಗೂ ತಿರುಗಿತೆಂದು ಆಕ್ಷೇಪಣೆ ಬಂದು, ಧಾನ್ಯವನ್ನು ಕೊಳ್ಳುವ ಕೇಂದ್ರ ಸರ್ಕಾರದವರು ಶುಲ್ಕವನ್ನು ತಡೆಹಿಡಿದರು. 2022ರಲ್ಲಿ ಹಣವು ಯಾವ ಯಾವ ಕೆಲಸಗಳಿಗೆ ಸಲ್ಲತಕ್ಕದ್ದೆಂಬುದನ್ನು ಬಿಡಿಸಿ ಬರೆದು ಕಾನೂನನ್ನು ತಿದ್ದಬೇಕಾಯಿತು. ಸಾಲಮನ್ನಾ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಇಲ್ಲಿ ಬೇಡ. ರಸ್ತೆಗೆಂದು ಎತ್ತಿದ ಹಣ ರಸ್ತೆಗೇ ಸಲ್ಲಬೇಕಾದರೆ ಮೊದಲನೆಯ ದಿನವೇ ಹಾಗೆಂದು ಬರೆದಿರಬೇಕು.

ಈಗ ಹಳ್ಳಿಯವರ ಕೈಗೆ ಬರುವ ಸಹಾಯಧನದ ಸ್ವರೂಪವನ್ನು ನೋಡಬಹುದು. ಕೇಂದ್ರದ ಗ್ರಾಮರಸ್ತೆ ಯೋಜನೆಯಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯು 2000ನೆಯ ಇಸವಿ ಡಿಸೆಂಬರ್ 25ರಂದು ಪ್ರಾರಂಭವಾಯಿತು. ಬಯಲುಸೀಮೆಯಲ್ಲಿ 500 ಜನರಿಗೆ ಮೇಲ್ಪಟ್ಟು, ಗುಡ್ಡಗಾಡು, ಮರುಭೂಮಿ ಮುಂತಾದೆಡೆಗಳಲ್ಲಿ 250 ಜನರಿಗೆ ಮೇಲ್ಪಟ್ಟು ಇರುವ, ರಸ್ತೆ ಕಾಣದ ಜನವಸತಿಗಳಿಗೆ ಎಲ್ಲಾ ಋತುಗಳಲ್ಲಿಯೂ ಓಡಾಡತಕ್ಕ ರಸ್ತೆಯನ್ನು ಒದಗಿಸುವುದು ಅದರ ಮೂಲ ಉದ್ದೇಶ. ಮೊದಲು ಪೂರ್ತಿ ವೆಚ್ಚವನ್ನು ಕೇಂದ್ರವೇ ಕೊಡುತ್ತಿದ್ದಿತು. 2015-16ರಿಂದ ಕರ್ನಾಟಕದಂತಹ ರಾಜ್ಯಗಳಲ್ಲಿ ಕೇಂದ್ರಕ್ಕೆ 60, ರಾಜ್ಯಕ್ಕೆ 40 ಎಂಬ ಪಾಲು ಗೊತ್ತಾಯಿತು. 2019ರಲ್ಲಿ ಮಂಜೂರಾದ ಮೂರನೆಯ ಘಟ್ಟವು ಗ್ರಾಮೀಣ ಸಂತೆಪೇಟೆಗಳಿಗೂ ಪ್ರೌಢ ವಿದ್ಯಾಶಾಲೆಗಳಿಗೂ ಆಸ್ಪತ್ರೆಗಳಿಗೂ ಹೋಗುವ ಮುಖ್ಯ ಗ್ರಾಮಮಾರ್ಗಗಳನ್ನು ಉತ್ತಮಪಡಿಸುವುದಕ್ಕಾಗಿ ಏರ್ಪಟ್ಟಿತು. ಇದರಿಂದ ನಾಡಿಗೆ ಆದ ಉಪಕಾರವು ಅಲ್ಪವಲ್ಲ. ಮಳೆಗಾಲದಲ್ಲಿ ಬಾಣಂತಿಯನ್ನು ಮಂಚದ ಮೇಲೆ ಹೊತ್ತು ಸಾಗಿಸುತ್ತಿದ್ದ ಊರಿಗೆ ಇಂದು ಆಸ್ಪತ್ರೆಯ ಗಾಡಿಯೇ ಬರುವಂತಾಗಿರುವುದನ್ನು ಕಂಡವರು ಈ ಯೋಜನೆಯನ್ನು ಹಗುರವಾಗಿ ಮಾತನಾಡಲಾರರು.

ಈ ಯೋಜನೆಯ ಹಣದಿಂದ ಜಮೀನನ್ನು ಕೊಂಡುಕೊಳ್ಳುವುದಕ್ಕೆ ಅವಕಾಶವಿಲ್ಲ. ಜಮೀನನ್ನು ಒದಗಿಸಿಕೊಡುವ ಹೊಣೆ ರಾಜ್ಯದ್ದು. ಆ ಹೊಣೆಯು ಕೊನೆಗೆ ಬಂದು ನಿಲ್ಲುವುದು ಬಹುಮಟ್ಟಿಗೆ ರಸ್ತೆಯ ಮಗ್ಗುಲಿನ ಹಿಡುವಳಿದಾರರ ಔದಾರ್ಯದ ಮೇಲೆ. ಅಂಚುಗಳೂ ಸೇರಿ 6 ಮೀಟರು ಅಗಲದ ರಸ್ತೆಗೆ ಕಿಲೋಮೀಟರಿಗೆ ಸುಮಾರು 1 ಎಕರೆ 19 ಗುಂಟೆ, ಏಳೂವರೆ ಮೀಟರಾದರೆ ಸುಮಾರು 1 ಎಕರೆ 34 ಗುಂಟೆ ಜಮೀನು ಬೇಕಾಗುತ್ತದೆ. ಹಳೆಯ ಬಂಡಿದಾರಿಯು ಗ್ರಾಮನಕಾಶೆಯಲ್ಲಿ ಇದ್ದರೆ ಅದರ ಅಗಲ ಇದರಲ್ಲಿ ವಜಾ ಆಗುವುದು ನಿಜ. ಹಾಗಾದಾಗ್ಯೂ ಎರಡೆಕರೆಯ ಹಿಡುವಳಿದಾರನಿಗೆ ನಾಲ್ಕು ಗುಂಟೆ ಹೋದರೆ ಅವನ ಭೂಮಿಯಲ್ಲಿ ಇಪ್ಪತ್ತನೆಯ ಒಂದು ಭಾಗವೇ ಹೋದಂತಾಯಿತು. ಅವನು ಅದನ್ನು ಬಿಟ್ಟುಕೊಡುವುದು ರಸ್ತೆಗಾಗಿ. ಹತ್ತು ವರ್ಷಗಳ ಮೇಲೆ ರಸ್ತೆಯೂ ಇಲ್ಲದೆ ಹೊಲವೂ ಇಲ್ಲದೆ ಜಲ್ಲಿಯ ರಾಶಿ ಮಾತ್ರ ಉಳಿದರೆ ಅವನ ನಷ್ಟಕ್ಕೆ ಉತ್ತರ ಹೇಳುವವರು ಯಾರು?

ಯೋಜನೆಯನ್ನು ರಚಿಸಿದವರು ಈ ಪ್ರಶ್ನೆಯನ್ನು ಅರ್ಧದವರೆಗೆ ಯೋಚಿಸಿದ್ದಾರೆಂದು ಹೇಳಬೇಕು. ರಸ್ತೆಯನ್ನು ಮಾಡಿದ ಕಂಟ್ರಾಕ್ಟುದಾರನೇ ಐದು ವರ್ಷ ಅದನ್ನು ಜೋಪಾನವಾಗಿ ನೋಡಿಕೊಳ್ಳತಕ್ಕದ್ದೆಂದು ಮೂಲ ಕರಾರಿನಲ್ಲಿಯೇ ಸೇರಿಸಿದ್ದಾರೆ. ಅದರ ಹಣವನ್ನು ರಾಜ್ಯ ಸರ್ಕಾರದವರು ಕೊಡತಕ್ಕದ್ದು. ಇದು ಬಹಳ ಒಳ್ಳೆಯ ಷರತ್ತು. ಐದು ವರ್ಷ ತಾನೇ ಗುಂಡಿ ಮುಚ್ಚಬೇಕಾದವನು ಮೊದಲಿಗೇ ಡಾಮರನ್ನು ಕದಿಯಲು ಅನುಮಾನಿಸುತ್ತಾನೆ. ಆರನೆಯ ವರ್ಷದಿಂದ ಮಾತ್ರ ಕಥೆಯು ಬೇರೆ. ಆ ಮೇಲಿನ ದುರಸ್ತಿಗೆ ರಾಜ್ಯದವರು ತಮ್ಮ ಆಯವ್ಯಯದಲ್ಲಿ ಹಣ ಒದಗಿಸಬೇಕು. ಆಯವ್ಯಯದ ಹಣವೆಂಬುದು ಆಯಾ ವರ್ಷದ ಅನುಗ್ರಹ; ಈ ವರ್ಷ ಬಂದದ್ದು ಮುಂದಿನ ವರ್ಷ ಬರಬೇಕೆಂಬ ನಿಯಮವಿಲ್ಲ. 1993ರ ಕರ್ನಾಟಕ ಪಂಚಾಯತ್ ರಾಜ್ ಶಾಸನದ ಅನುಸೂಚಿಯಲ್ಲಿ ಗ್ರಾಮರಸ್ತೆ, ಚರಂಡಿ, ಮೋರಿಗಳ ನಿರ್ಮಾಣ ಮತ್ತು ಪಾಲನೆಯು ಗ್ರಾಮ ಪಂಚಾಯತಿಯ ಕರ್ತವ್ಯಗಳಲ್ಲಿ ಸೇರಿದೆ. ಮನೆಕಂದಾಯ, ನೀರಿನ ತೆರಿಗೆಗಳನ್ನು ನಂಬಿಕೊಂಡಿರುವ ಪಂಚಾಯತಿಯು ಡಾಂಬರು ರಸ್ತೆಯೊಂದಕ್ಕೆ ಹೊಸ ಮೇಲ್ಪದರ ಹಾಕಿಸೀತೇ ಎಂಬುದನ್ನು ಅದರ ಲೆಕ್ಕಪುಸ್ತಕವನ್ನು ನೋಡಿದ ಯಾರೂ ಹೇಳಬಲ್ಲರು.

ದುರಸ್ತಿಯು ಯಾವಾಗ ಬೇಕಾದರೂ ಮಾಡಬಹುದಾದ ಕೆಲಸವಲ್ಲ. ರಸ್ತೆಗೆ ಮೊದಲನೆಯ ಶತ್ರು ನೀರು. ಚರಂಡಿಯು ಹೂತುಹೋದರೆ ನೀರು ಅಂಚಿನಲ್ಲಿ ನಿಂತು ತಳಕ್ಕೆ ಇಳಿಯುತ್ತದೆ. ತಳದ ಮಣ್ಣು ಮೆತ್ತಗಾದ ಮೇಲೆ ಮೇಲಿನ ಜಲ್ಲಿಯು ಎಷ್ಟು ಗಟ್ಟಿಯಾಗಿದ್ದರೂ ಭಾರವನ್ನು ತಡೆಯಲಾರದು. ಎರೆಭೂಮಿಯಲ್ಲಿ ಈ ತೊಂದರೆ ಇಮ್ಮಡಿ. ಆ ಮಣ್ಣು ಮಳೆಯಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುವುದನ್ನು ಗದಗ, ರಾಯಚೂರು, ವಿಜಯಪುರದ ಕಡೆಯ ಜಮೀನುದಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎರಡನೆಯ ಶತ್ರು ಅತಿಭಾರ. ಅಮೇರಿಕಾದ ಇಲಿನಾಯ್ ಸಂಸ್ಥಾನದಲ್ಲಿ 1958ರಿಂದ 1960ರವರೆಗೆ ನಡೆದ ರಸ್ತೆಪರೀಕ್ಷೆಗಳಿಂದ ತಿಳಿದುಬಂದ ನಿಯಮವೇನೆಂದರೆ, ಅಚ್ಚಿನ ಮೇಲಣ ಭಾರವು ಎರಡರಷ್ಟಾದರೆ ರಸ್ತೆಗೆ ಆಗುವ ಹಾನಿಯು ಸುಮಾರು 16 ಪಾಲು ಹೆಚ್ಚುತ್ತದೆ. ಕಬ್ಬಿನ ಕಾಲದಲ್ಲಿ ಒಂದು ಟ್ರಾಕ್ಟರಿಗೆ ಎರಡು ಟ್ರೈಲರುಗಳನ್ನು ಕಟ್ಟಿ ಆಕಾಶಕ್ಕೆ ಮುಟ್ಟುವಂತೆ ಹೇರಿಕೊಂಡು ಹೋಗುವವರು ಉಳಿಸುವ ಬಾಡಿಗೆಗಿಂತ ಕೆಡಿಸುವ ರಸ್ತೆಯ ಬೆಲೆ ಹೆಚ್ಚು. ಬಿರುಕು ಕಂಡ ವರ್ಷವೇ ಅದನ್ನು ಮುಚ್ಚಿ ಚರಂಡಿಯನ್ನು ತೆರೆದರೆ ಅಲ್ಪ ವೆಚ್ಚದಲ್ಲಿ ಹೋಗುವುದು ಮೂರು ಮಳೆಗಾಲ ಬಿಟ್ಟರೆ ಬುಡದಿಂದ ಹೊಸ ರಸ್ತೆಯನ್ನೇ ಮಾಡಿಸುತ್ತದೆ. ವರ್ಷಕ್ಕೊಮ್ಮೆ ಹಣ ಬರಲಿ, ಬಾರದಿರಲಿ ಎಂಬ ಏರ್ಪಾಡು ರಸ್ತೆಗೆ ಒಗ್ಗುವುದಿಲ್ಲವೆಂಬುದಕ್ಕೆ ಇದೇ ಕಾರಣ.

ಇಂತಹ ಸಹಾಯಧನದ ಶಾಸನಗಳನ್ನು ಬಹು ಕಾಲದಿಂದ ಪರೀಕ್ಷಿಸಿ ತಿದ್ದುತ್ತ ಬಂದಿರುವ ದೇಶವೆಂದರೆ ಅಮೇರಿಕಾ ಸಂಯುಕ್ತಸಂಸ್ಥಾನ. ಅಲ್ಲಿ ರಸ್ತೆಗಳ ವಿಚಾರವು ಮೊದಲು ಕೃಷಿ ಇಲಾಖೆಗೇ ಸೇರಿದ್ದಿತು. 1893ರಲ್ಲಿ ರಸ್ತೆಗಳ ವಿಚಾರಣಾ ಕಚೇರಿಯನ್ನು ಆ ಇಲಾಖೆಯಲ್ಲಿಯೇ ತೆರೆದರು. ಅದಕ್ಕೂ ಮುಂಚೆ, 1891ರಲ್ಲಿ, ನ್ಯೂಜೆರ್ಸಿ ಎಂಬ ಸಂಸ್ಥಾನದವರು ಗ್ರಾಮಾಂತರ ರಸ್ತೆಗಳಿಗೆ ಸಂಸ್ಥಾನದ ಬೊಕ್ಕಸದಿಂದ ಸಹಾಯಮಾಡುವ ಶಾಸನವನ್ನು ಮಾಡಿದ್ದರು. ಅದರ ಮೇರೆಗೆ ರಸ್ತೆಯ ಎರಡು ಮಗ್ಗುಲುಗಳ ಜಮೀನಿನಲ್ಲಿ ಮೂರರಲ್ಲಿ ಎರಡು ಪಾಲಿನ ಒಡೆಯರು ಅರ್ಜಿ ಕೊಡಬೇಕು. ವೆಚ್ಚದಲ್ಲಿ ಮೂರನೆಯ ಒಂದು ಪಾಲನ್ನು ಸಂಸ್ಥಾನವೂ, ಹತ್ತನೆಯ ಒಂದು ಪಾಲನ್ನು ಮಗ್ಗುಲಿನ ಜಮೀನುದಾರರೂ, ಉಳಿದದ್ದನ್ನು ಕೌಂಟಿಯೆಂಬ ಅವರ ಜಿಲ್ಲೆಯೂ ಕೊಡತಕ್ಕದ್ದು. ಬೇಕೆಂದು ಕೇಳುವವನೇ ದಶಾಂಶವನ್ನು ಮುಂದಿಟ್ಟು ಕೇಳಬೇಕೆಂಬ ಈ ನಿಯಮದಿಂದ, ಯಾರಿಗೂ ಬೇಡವಾದ ರಸ್ತೆಗಳು ದೊಡ್ಡವರ ಮಾತಿನ ಮೇಲೆ ಹುಟ್ಟುವುದಕ್ಕೆ ಅವಕಾಶ ಕಡಿಮೆಯಾಯಿತು. ದಶಾಂಶವನ್ನು ನಗದಾಗಿ ಕೇಳುವ ಕ್ರಮವು ಈ ನಾಡಿನ ಸಣ್ಣ ಹಿಡುವಳಿದಾರನಿಗೆ ಸಲ್ಲದು. ಗುಂಟೆಗಳನ್ನು ಬಿಟ್ಟುಕೊಟ್ಟವನು ತನ್ನ ಪಾಲನ್ನು ಆಗಲೇ ತೆತ್ತಿದ್ದಾನೆ. ಅವನು ತೆತ್ತದ್ದನ್ನು ಶಾಸನವು ಲೆಕ್ಕಕ್ಕೆ ತೆಗೆದುಕೊಂಡು ಅದಕ್ಕೆ ಪ್ರತಿಯಾಗಿ ಅವನಿಗೊಂದು ಹಕ್ಕನ್ನು ಕೊಡಬೇಕೆಂಬುದಷ್ಟೇ ನ್ಯೂಜೆರ್ಸಿಯಿಂದ ಕಲಿಯತಕ್ಕದ್ದು.

ದುರಸ್ತಿಯ ವಿಷಯದಲ್ಲಿ ಹೆಚ್ಚಿನ ಪಾಠವು 1916ರ ಅವರ ಸಂಯುಕ್ತ ಸರ್ಕಾರದ ಶಾಸನದಲ್ಲಿದೆ. ಐದು ವರ್ಷಗಳಲ್ಲಿ 7 ಕೋಟಿ 50 ಲಕ್ಷ ಡಾಲರುಗಳನ್ನು ಸಂಸ್ಥಾನಗಳಿಗೆ ಹಂಚತಕ್ಕ ಅಧಿಕಾರವನ್ನು ಅದು ಕೃಷಿ ಕಾರ್ಯದರ್ಶಿಗೆ ಕೊಟ್ಟಿತು. ಹಂಚುವಾಗ ವಿಸ್ತೀರ್ಣ, ಜನಸಂಖ್ಯೆ, ಅಂಚೆ ಹೋಗುವ ಗ್ರಾಮಮಾರ್ಗಗಳ ಉದ್ದ ಇವು ಮೂರಕ್ಕೂ ಸಮನಾದ ತೂಕ. ತನ್ನದೇ ಆದ ರಸ್ತೆ ಇಲಾಖೆಯಿಲ್ಲದ ಸಂಸ್ಥಾನಕ್ಕೆ ಹಣವಿಲ್ಲ. ಕೇಂದ್ರದ ಪಾಲು ಅರ್ಧವನ್ನು ಮೀರುವಂತಿಲ್ಲ. ಇವೆಲ್ಲಕ್ಕಿಂತ ಗಮನಿಸತಕ್ಕ ಷರತ್ತು ಬೇರೆ. ಈ ಹಣದಿಂದಾದ ರಸ್ತೆಯನ್ನು ಸರಿಯಾಗಿ ಪಾಲಿಸದೆ ಇದ್ದಲ್ಲಿ ನೋಟೀಸು ಕೊಡತಕ್ಕದ್ದು. ನಾಲ್ಕು ತಿಂಗಳೊಳಗಾಗಿ ಸರಿಪಡಿಸದಿದ್ದರೆ ಅವರಿಗೆ ಮುಂದಿನ ಯಾವ ಕೆಲಸವನ್ನೂ ಮಂಜೂರುಮಾಡಕೂಡದು. 1921ರಲ್ಲಿ ಇದನ್ನು ಇನ್ನೂ ಬಿಗಿ ಮಾಡಿದರು. ತೊಂಬತ್ತು ದಿನಗಳ ನೋಟೀಸು ಕಳೆದ ಮೇಲೆ ಕಾರ್ಯದರ್ಶಿಯು ತಾನೇ ದುರಸ್ತು ಮಾಡಿಸಿ, ವೆಚ್ಚವನ್ನು ಆ ಸಂಸ್ಥಾನಕ್ಕೆ ಬರತಕ್ಕ ಹಣದಲ್ಲಿ ಮುರಿದುಕೊಳ್ಳುವಂತೆ ವಿಧಿಸಿದರು. ಹಣವು ಬೇರೆಡೆಗೆ ಹರಿಯುವುದನ್ನೂ ಅವರು ಮರೆಯಲಿಲ್ಲ: ಮೋಟಾರು ತೆರಿಗೆಗಳನ್ನು ರಸ್ತೆಯಲ್ಲದ ಕೆಲಸಗಳಿಗೆ ತಿರುಗಿಸಿದ ಸಂಸ್ಥಾನದ ಸಹಾಯಧನದಲ್ಲಿ ಮೂರನೆಯ ಒಂದು ಪಾಲಿನವರೆಗೆ ಕಡಿಯಬಹುದೆಂದು 1934ರಲ್ಲಿ ಕಾನೂನಾಯಿತು.

ಕರ್ನಾಟಕದ ಶಾಸನಸಭೆಯು ಗ್ರಾಮರಸ್ತೆಗಳ ಪಾಲನೆಗಾಗಿ ಇಂತಹ ಷರತ್ತುಗಳುಳ್ಳ ಪ್ರತ್ಯೇಕ ಶಾಸನವನ್ನು ಮಾಡುವುದು ಅವಶ್ಯಕ. ಧೋರಣೆಯೆಂದೋ ಸುತ್ತೋಲೆಯೆಂದೋ ಹೊರಡುವ ಕಾಗದಗಳು ಸಾಲವು. ಅವುಗಳನ್ನು ಹೊರಡಿಸಿದ ಲೇಖನಿಯೇ ರದ್ದುಮಾಡಬಲ್ಲುದು. ಯಾವ ರಸ್ತೆಗೇ ಆಗಲಿ ಮಂಜೂರಾತಿ ಕೊಡುವ ದಿನವೇ ಆರನೆಯ ವರ್ಷದಿಂದ ಹತ್ತನೆಯ ವರ್ಷದವರೆಗಿನ ದುರಸ್ತಿಯ ಅಂದಾಜನ್ನು ಸೇರಿಸಿ, ಆ ಮೊಬಲಗನ್ನು ಬೇರೊಂದು ಲೆಕ್ಕದಲ್ಲಿ ಇಡತಕ್ಕದ್ದೆಂದು ಅದರಲ್ಲಿ ಇರಬೇಕು. ಗ್ರಾಮಸಭೆಯ ಲಿಖಿತ ದೂರಿಗೆ ಇಂತಿಷ್ಟು ದಿನಗಳೊಳಗೆ ಉತ್ತರ ಬರಬೇಕು. ರಸ್ತೆಗಾಗಿ ಜಮೀನನ್ನು ಬಿಟ್ಟುಕೊಟ್ಟವರ ಹೆಸರುಗಳು ರಸ್ತೆಯ ದಾಖಲೆಯಲ್ಲಿ ಇದ್ದು, ದೂರು ಕೊಡುವ ವಿಶೇಷಾಧಿಕಾರವು ಅವರಿಗೆ ಇರಬೇಕು.

ಇದಕ್ಕೆ ಹೇಳುವ ಆಕ್ಷೇಪಣೆಗಳಲ್ಲಿ ಎರಡು ಗಟ್ಟಿಯಾದುವು. ಬರಗಾಲವೋ ನೆರೆಯೋ ಬಂದ ವರ್ಷದಲ್ಲಿ ಬೊಕ್ಕಸದ ಕೈಯನ್ನು ಶಾಸನದಿಂದ ಕಟ್ಟಿಹಾಕುವುದು ಸರಿಯೇ ಎಂಬುದು ಒಂದು. ನೆರೆಯಲ್ಲಿ ಮೊದಲು ಕೊಚ್ಚಿಹೋಗುವುದು ಮೋರಿಯೇ. ಅಂಥ ವರ್ಷದಲ್ಲಿ ಆಹಾರವನ್ನೂ ಮೇವನ್ನೂ ಸಾಗಿಸುವುದಕ್ಕೆ ಬೇಕಾಗುವುದೂ ರಸ್ತೆಯೇ. ದುರಸ್ತಿಯ ಹಣವನ್ನು ಕಷ್ಟಕಾಲದಲ್ಲಿ ಕಡಿಯುವವರು ಕಷ್ಟವನ್ನು ಮುಂದಿನ ವರ್ಷಕ್ಕೆ ಬಡ್ಡಿಯೊಡನೆ ಸಾಗಹಾಕಿದಂತಾಗುವುದು. ಎರಡನೆಯ ಆಕ್ಷೇಪಣೆಯು ಇದಕ್ಕಿಂತ ನ್ಯಾಯವಾದದ್ದು: ಒಂದು ತಾಲ್ಲೂಕಿನ ಅಧಿಕಾರಿಗಳ ಅಲಕ್ಷ್ಯಕ್ಕಾಗಿ ಹೊಸ ರಸ್ತೆಗಳನ್ನು ನಿಲ್ಲಿಸಿದರೆ, ಇನ್ನೂ ರಸ್ತೆಯನ್ನೇ ಕಾಣದ ಬಡ ಹಾಡಿಯೊಂದು ಬೇರೆಯವರ ತಪ್ಪಿಗೆ ದಂಡ ತೆರಬೇಕಾಗುವುದು. ಆದಕಾರಣ 1916ರ ಕ್ರಮಕ್ಕಿಂತ 1921ರ ಕ್ರಮವೇ ಮೇಲು. ಮೇಲಿನವರು ದುರಸ್ತು ಮಾಡಿಸಿ ವೆಚ್ಚವನ್ನು ಹೊಣೆಗಾರ ಸಂಸ್ಥೆಯ ಲೆಕ್ಕದಲ್ಲಿ ಮುರಿದುಕೊಂಡರೆ ರಸ್ತೆಯೂ ಉಳಿಯುತ್ತದೆ, ನಿರಪರಾಧಿಗಳ ಪಾಲೂ ಉಳಿಯುತ್ತದೆ.

ತಪ್ಪೆಲ್ಲವೂ ಕಚೇರಿಗಳದ್ದೇ ಎಂದು ಹೇಳಿದರೆ ಪಕ್ಷಪಾತವಾದೀತು. ಪ್ರತಿ ವರ್ಷ ಒಂದೊಂದು ಸಾಲು ಒಳಕ್ಕೆ ಉತ್ತು ರಸ್ತೆಯ ಅಂಚನ್ನು ನುಂಗುವವರು, ಹೊಲಕ್ಕೆ ಗಾಡಿ ಇಳಿಸುವುದಕ್ಕಾಗಿ ಕೊಳವೆಯನ್ನೂ ಇಡದೆ ಚರಂಡಿಗೆ ಮಣ್ಣು ತುಂಬುವವರು, ಗದ್ದೆಯ ಹೆಚ್ಚಿನ ನೀರನ್ನು ರಸ್ತೆಯ ಮೇಲೆಯೇ ಬಿಡುವವರು, ಡಾಮರಿನ ಮೇಲೆ ಕೇಜ್ ಚಕ್ರದ ಟ್ರಾಕ್ಟರನ್ನು ಓಡಿಸುವವರು ಹಳ್ಳಿಯವರೇ ಹೊರತು ಇಂಜಿನಿಯರುಗಳಲ್ಲ. ಇವರನ್ನು ತಡೆಯುವುದಕ್ಕೆ ಶಾಸನಸಭೆಯವರೆಗೆ ಹೋಗಬೇಕಾಗಿಲ್ಲ. ಊರಿನ ಹಿರಿಯರ ಒಂದು ಮಾತು ಸಾಕು. ಅದನ್ನು ಆಡುವ ಹಿರಿಯರು ಇರಬೇಕು.

ಹೊಸ ಶಾಸನವು ಬರುವವರೆಗೆ ಈಗಿನ ನಿಯಮಗಳಲ್ಲಿಯೇ ಹಳ್ಳಿಯವರಿಗೆ ಒಂದು ಒಳ್ಳೆಯ ಅವಕಾಶವುಂಟು. ಅಂದಾಜುಪಟ್ಟಿ ಸಿದ್ಧವಾಗುವುದಕ್ಕೆ ಮುಂಚೆ ಇಂಜಿನಿಯರು ಪಂಚಾಯತಿಯ ಅಧ್ಯಕ್ಷರನ್ನೂ ಗ್ರಾಮಸ್ಥರನ್ನೂ ಕೂಡಿಕೊಂಡು ಮಾರ್ಗದುದ್ದಕ್ಕೂ ನಡೆದು ನೋಡಿ, ಅವರ ಅಭಿಪ್ರಾಯಗಳನ್ನು ಬರೆದುಕೊಳ್ಳತಕ್ಕದ್ದೆಂದು ಕೇಂದ್ರದ ಯೋಜನೆಯಲ್ಲಿ ವಿಧಿಸಿದೆ. ಆ ದಿನ ಸಹಿ ಹಾಕಿ ಚಹಾ ಕುಡಿದು ಬೀಳ್ಕೊಡುವುದರ ಬದಲು, ಮಳೆಗಾಲದಲ್ಲಿ ನೀರು ಎಲ್ಲೆಲ್ಲಿ ಅಡ್ಡ ಹರಿಯುವುದು, ಎಲ್ಲಿ ಎರೆಮಣ್ಣು ಎಷ್ಟು ಆಳವಿದೆ, ಕಬ್ಬಿನ ಗಾಡಿಗಳು ಎಲ್ಲಿಂದ ಎಲ್ಲಿಗೆ ಹೋಗುವುವು, ಯಾರ ಜಮೀನು ಎಷ್ಟು ಗುಂಟೆ ಹೋಗುವುದು ಎಂಬುದನ್ನು ನಡವಳಿಕೆಯಲ್ಲಿ ಬರೆಯಿಸಬೇಕು. ರಸ್ತೆಯ ಮಗ್ಗುಲಿನಲ್ಲಿ ನಿಲ್ಲಿಸುವ ಫಲಕದಲ್ಲಿ ಐದು ವರ್ಷದ ದುರಸ್ತಿಯ ಅವಧಿಯೂ ನಮೂದಾಗಿರುತ್ತದೆ. ಅದು ಮುಗಿಯುವ ತಾರೀಖನ್ನು ಪಂಚಾಯತಿಯ ಪುಸ್ತಕದಲ್ಲಿ ಗುರುತುಹಾಕಿಕೊಂಡು, ಅದಕ್ಕೆ ಒಂದು ವರ್ಷ ಮುಂಚಿತವಾಗಿಯೇ ಗ್ರಾಮಸಭೆಯಲ್ಲಿ ಠರಾವು ಮಾಡಿ ಜಿಲ್ಲಾ ಪಂಚಾಯತಿಗೆ ಕಳುಹಿಸಿದರೆ, ಮುಂದಿನ ವರ್ಷದ ಆಯವ್ಯಯ ಸಿದ್ಧವಾಗುವುದಕ್ಕೆ ಮೊದಲು ಆ ಕಾಗದವು ಅಲ್ಲಿಗೆ ತಲುಪೀತು.